ಓಲೆ ಆರಿಸುವ ವಿದ್ಯೆ

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ರಾಜಶಾಸನಗಳನ್ನು ಬರೆಯುವ ಕ್ರಮವನ್ನು ತಿಳಿಸುವ ಒಂದು ಅಧ್ಯಾಯವಿದೆ. ಒಳ್ಳೆಯ ಬರಹದ ಗುಣಗಳನ್ನು ಹೇಳಿದ ಮೇಲೆ ಗ್ರಂಥಕಾರನು ಬರಹದ ದೋಷಗಳನ್ನು ಎಣಿಸತೊಡಗುತ್ತಾನೆ. ಹಿಂದೆ ಹೇಳಿದುದಕ್ಕೂ ಮುಂದೆ ಹೇಳಿದುದಕ್ಕೂ ಹೊಂದಿಕೆಯಿಲ್ಲದಿರುವುದು, ಹೇಳಿದುದನ್ನೇ ಮತ್ತೆ ಹೇಳುವುದು, ವ್ಯಾಕರಣ ತಪ್ಪುವುದು ಮೊದಲಾದವೆಲ್ಲ ಅಲ್ಲಿ ಬರುತ್ತವೆ. ಆದರೆ ಅವೆಲ್ಲಕ್ಕೂ ಮುಂಚೆ, ಪಟ್ಟಿಯ ತಲೆಯಲ್ಲಿಯೇ, ಆತನು ಇಟ್ಟಿರುವ ದೋಷದ ಹೆಸರು ‘ಅಕಾಂತಿ’. ಅಕಾಂತಿಯೆಂದರೇನು? ಕಪ್ಪಿಟ್ಟ ಓಲೆ, ಅದರ ಮೇಲೆ ಅಂದಗೆಟ್ಟ, ಏರುಪೇರಾದ, ಮಾಸಿದ ಅಕ್ಷರ. ಬರೆದವನ ಬುದ್ಧಿಯನ್ನು ಪರೀಕ್ಷಿಸುವುದಕ್ಕೆ ಮೊದಲು ಬರೆಯಿಸಿಕೊಂಡ ಓಲೆಯನ್ನು ಪರೀಕ್ಷಿಸಬೇಕೆಂಬುದು ಆ ಮುತ್ಸದ್ದಿಯ ಮತವೆಂದು ತೋರುತ್ತದೆ. ಅದೇ ಗ್ರಂಥದಲ್ಲಿ ಕಾಡಿನ ಉತ್ಪನ್ನಗಳನ್ನು ಹೇಳುವ ಕಡೆ ಮರಮುಟ್ಟು, ಬಿದಿರುಗಳ ಸಾಲಿನಲ್ಲಿ ಬರೆಯುವ ಎಲೆಗಳಿಗೂ ಸ್ಥಾನ ದೊರೆತಿದೆ: ತಾಲೀ, ತಾಲ, ಭೂರ್ಜ.

ಈ ಮಾತು ನಮಗೆ ತಲುಪಿದುದೂ ಒಂದು ಓಲೆಯ ಕಟ್ಟಿನಿಂದಲೇ. ಬಹುಕಾಲ ಹೆಸರಿನಿಂದಲೂ ಇತರರ ಉಲ್ಲೇಖಗಳಿಂದಲೂ ಮಾತ್ರ ತಿಳಿದಿದ್ದ ಅರ್ಥಶಾಸ್ತ್ರದ ತಾಳೆಯೋಲೆಯ ಪ್ರತಿಯೊಂದನ್ನು ತಂಜಾವೂರು ಪ್ರಾಂತದ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿದರು. ಗ್ರಂಥಲಿಪಿಯ ಆ ಪ್ರತಿಯನ್ನು ೧೯೦೫ರಲ್ಲಿ ಗುರುತಿಸಿ, ೧೯೦೯ರಲ್ಲಿ ಮುದ್ರಣಕ್ಕೆ ತಂದವರು ಆರ್. ಶಾಮಶಾಸ್ತ್ರಿಗಳು. ಆ ಕಟ್ಟಿನ ಓಲೆಗಳು ಹುಳು ತಿಂದು ಪುಡಿಯಾಗಿದ್ದರೆ ಇಪ್ಪತ್ತನೆಯ ಶತಮಾನದ ಭಾರತೀಯ ಇತಿಹಾಸದ ಪುಸ್ತಕಗಳು ಬೇರೆಯೇ ಆಗಿರುತ್ತಿದ್ದವು.

ಓಲೆಯ ವಿಷಯವನ್ನು ಈಗೇಕೆ ತೆಗೆದೆನೆಂದು ಓದುಗರು ಕೇಳಬಹುದು. ನಾನು ವಾಸವಾಗಿರುವ ಸಿ.ವಿ. ರಾಮನ್ ನಗರದಲ್ಲಿ ಸಂಜೆಯ ಹೊತ್ತು ಯಾವುದಾದರೊಂದು ಮೊಬೈಲ್ ಅಂಗಡಿಯ ಮುಂದೆ ಐದು ನಿಮಿಷ ನಿಂತರೆ ಕಾರಣ ತಿಳಿಯುತ್ತದೆ. ಗಿರಾಕಿ ಬಂದು ಮೆಮೊರಿ ಕಾರ್ಡ್ ಬೇಕೆನ್ನುತ್ತಾನೆ. “ಎಷ್ಟು ಜಿ.ಬಿ. ಸಾರ್?” ಎಂದು ಅಂಗಡಿಯವನ ಪ್ರಶ್ನೆ. “ಎಷ್ಟಾಗುತ್ತೆ?” ಎಂದು ಗಿರಾಕಿಯ ಮರುಪ್ರಶ್ನೆ. ಅಲ್ಲಿಗೆ ವ್ಯವಹಾರ ಮುಗಿಯಿತು. ಕಿರುಬೆರಳ ಉಗುರಿನಷ್ಟಿರುವ ಆ ಕರಿಯ ಬಿಲ್ಲೆ ಯಾವ ಜಾತಿಯದು, ಯಾವ ಕೆಲಸಕ್ಕೆ ತಕ್ಕುದು, ಎಷ್ಟು ವರ್ಷ ಬಾಳುತ್ತದೆ ಎಂಬ ಮಾತೇ ಬರುವುದಿಲ್ಲ. ಅದರಲ್ಲಿ ಹೋಗಿ ಕುಳಿತುಕೊಳ್ಳುವುದಾದರೂ ಏನು? ಮಗುವಿನ ಮೊದಲ ಹೆಜ್ಜೆ, ತೀರಿಕೊಂಡ ತಂದೆಯ ದನಿ, ಗೇಟಿನ ಬಳಿಯ ಕ್ಯಾಮರಾ ಕಂಡ ಇಡೀ ರಾತ್ರಿಯ ನೋಟ. ವಿಚಿತ್ರವೆಂದರೆ ವಿಜ್ಞಾನಿಯ ಹೆಸರನ್ನು ಹೊತ್ತ ಈ ಬಡಾವಣೆಯ ಸುತ್ತಮುತ್ತ ಇಂಥ ಸೂಕ್ಷ್ಮ ಸಾಮಗ್ರಿಯನ್ನು ಬಲ್ಲವರಿಗೆ ಕೊರತೆಯಿಲ್ಲ. ರೇಡಾರುಗಳನ್ನು ರೂಪಿಸುವ ಪ್ರಯೋಗಾಲಯ ಇಲ್ಲಿದೆ, ವಿಮಾನದ ಎಂಜಿನ್ನಿನ ಪ್ರಯೋಗಾಲಯ ಇಲ್ಲಿದೆ. ೧೯೮೫ರಲ್ಲಿ ಬೆಂಗಳೂರಿಗೆ ಬಂದು, ಉಪಗ್ರಹ ಸಂಪರ್ಕದ ಸಲಕರಣೆಯನ್ನು ಎತ್ತಿನ ಗಾಡಿಯ ಮೇಲೆ ಸಾಗಿಸಿದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ ಈಗ ಇಲ್ಲಿಯ ಬಾಗ್ಮನೆ ಟೆಕ್ ಪಾರ್ಕಿನಲ್ಲಿ ಚಿಪ್ಪುಗಳ ವಿನ್ಯಾಸ ನಡೆಸುತ್ತಿದೆ. ಆದರೂ ರಸ್ತೆಗೆ ಬಂದರೆ ಪ್ರಶ್ನೆ ಅದೇ: ಎಷ್ಟು ಜಿ.ಬಿ.?

ನಮ್ಮ ಹಿಂದಿನ ಲಿಪಿಕಾರರು ಓಲೆಯನ್ನು ಹೀಗೆ ಕೊಳ್ಳುತ್ತಿರಲಿಲ್ಲ. ಅವರಿಗೆ ಮುಖ್ಯವಾಗಿ ಎರಡು ಜಾತಿ ಗೊತ್ತಿತ್ತು. ಒಂದು ಶ್ರೀತಾಳ, ಇನ್ನೊಂದು ಖರತಾಳ. ಶ್ರೀತಾಳೆಯ ಮರ ತನ್ನ ಆಯುಷ್ಯದಲ್ಲಿ ಒಂದೇ ಸಲ ಹೂ ಬಿಟ್ಟು, ಕಾಯಾಗಿ, ಸತ್ತುಹೋಗುತ್ತದೆ. ಅದರ ಗರಿ ಅಗಲ, ತೆಳು, ಮೃದು. ಬಾಗಿಸಿದರೆ ಬಾಗುತ್ತದೆ, ಕೀಟಗಳ ಬಾಧೆಯನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಖರತಾಳವೆಂದರೆ ಸಾಮಾನ್ಯ ತಾಳೆ. ಬಯಲುಸೀಮೆಯಲ್ಲಿಯೂ ಬೇಕಾದಷ್ಟು ಸಿಕ್ಕುತ್ತದೆ. ಅದರ ಗರಿ ದಪ್ಪ, ಒರಟು. ಒಣಗಿದಂತೆ ಪೆಡಸಾಗಿ ಅಂಚು ಮುರಿಯುತ್ತದೆ. ನಿತ್ಯದ ಲೆಕ್ಕಕ್ಕೆ, ಸಾಲದ ಪತ್ರಕ್ಕೆ ಖರತಾಳ ಸಾಕು. ಮೊಮ್ಮಕ್ಕಳ ಕಾಲಕ್ಕೂ ಉಳಿಯಬೇಕಾದ ಕಾವ್ಯಕ್ಕೆ, ಶಾಸ್ತ್ರಕ್ಕೆ ಶ್ರೀತಾಳ. ಎಳೆಯದೂ ಅಲ್ಲದ ಬಲಿತದ್ದೂ ಅಲ್ಲದ ಗರಿಯನ್ನು ಆರಿಸಿ, ನಡುವಿನ ಕಡ್ಡಿ ತೆಗೆದು, ನೀರಿನಲ್ಲಿ ಬೇಯಿಸಿ, ನೆರಳಿನಲ್ಲಿ ಒಣಗಿಸಿ, ನುಣುಪಾದ ಕಲ್ಲಿನಿಂದಲೋ ಚಿಪ್ಪಿನಿಂದಲೋ ಉಜ್ಜಿ ಹದಗೊಳಿಸುತ್ತಿದ್ದರು. ಬೇಯಿಸುವ ನೀರಿಗೆ ಅರಿಸಿನ ಹಾಕುವ ರೂಢಿಯೂ ಇತ್ತು. ಬಳಿಕ ಅಳತೆಗೆ ಕತ್ತರಿಸಿ, ದಾರಕ್ಕೆ ರಂಧ್ರ ಮಾಡಿ, ಕಂಟವೆಂಬ ಕಬ್ಬಿಣದ ಲೇಖನಿಯಿಂದ ಅಕ್ಷರಗಳನ್ನು ಕೊರೆದು, ಎಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಬಳಿದು ಒರೆಸಿದರೆ ಕೊರೆದ ಗೆರೆಗಳಲ್ಲಿ ಕಪ್ಪು ನಿಲ್ಲುತ್ತಿತ್ತು. ಇಷ್ಟು ಶ್ರಮಪಟ್ಟವನು ಓಲೆಯನ್ನು ಕಣ್ಣುಮುಚ್ಚಿ ಕೊಂಡಾನೆಯೆ?

ಒಳ್ಳೆಯ ಓಲೆ ಸಿಕ್ಕಿತೆಂದು ಅವರು ನಿಶ್ಚಿಂತರಾಗಲಿಲ್ಲ ಎಂಬುದು ಇನ್ನೂ ದೊಡ್ಡ ಮಾತು. ಎಣ್ಣೆಯಿಂದ, ನೀರಿನಿಂದ, ಸಡಿಲವಾದ ಕಟ್ಟಿನಿಂದ, ಅರಿಯದವರ ಕೈಯಿಂದ ತನ್ನನ್ನು ಕಾಪಾಡಿರೆಂದು ಪುಸ್ತಕವೇ ಬೇಡಿಕೊಳ್ಳುವಂತೆ ಕೊನೆಯಲ್ಲಿ ಬರೆದಿಡುವುದು ಲಿಪಿಕಾರರ ವಾಡಿಕೆಯಾಗಿತ್ತು. ನಮ್ಮ ಹವೆಯಲ್ಲಿ ಓಲೆ ಕೆಲವು ಶತಮಾನ ಬಾಳೀತು, ಅದಕ್ಕಿಂತ ಹೆಚ್ಚಿನದನ್ನು ನಂಬುವಂತಿಲ್ಲ. ಆದುದರಿಂದ ಹಳೆಯ ಓಲೆ ಗಟ್ಟಿಯಾಗಿರುವಾಗಲೇ ಹೊಸ ಓಲೆಗೆ ಪ್ರತಿಮಾಡುವುದು ಪುಣ್ಯಕಾರ್ಯವಾಯಿತು. ಜೈನರು ಇದನ್ನು ಶಾಸ್ತ್ರದಾನವೆಂದು ಕರೆದರು. ಈ ದಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಮೀರಿಸಿದವರಿಲ್ಲ. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಪೊನ್ನನ ಶಾಂತಿಪುರಾಣಕ್ಕೆ ಆಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಅಚ್ಚುಕೂಟವಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ಎಷ್ಟು ಮರಗಳ ಗರಿ, ಎಷ್ಟು ಲಿಪಿಕಾರರ ಬೆನ್ನುನೋವು, ಎಷ್ಟು ದಿನಗಳ ಊಟದ ಖರ್ಚು ಎಂದು ಊಹಿಸಿಕೊಳ್ಳಬಹುದು.

ಇದರ ಫಲವನ್ನು ಪೊನ್ನನ ಕೃತಿಗಳಲ್ಲಿಯೇ ನೋಡಬೇಕು. ಶಾಂತಿಪುರಾಣ ಇಂದಿಗೂ ನಮ್ಮ ಕೈಯಲ್ಲಿದೆ, ಎಂ.ಎ. ತರಗತಿಗಳಲ್ಲಿ ಪಾಠ ಹೇಳುತ್ತೇವೆ. ಅದೇ ಕವಿಯ ಭುವನೈಕರಾಮಾಭ್ಯುದಯ ಎಲ್ಲಿ? ಹೆಸರು ಉಳಿದಿದೆ, ಕೃತಿಯಿಲ್ಲ. ಒಬ್ಬನೇ ಕವಿ, ಒಂದೇ ಕಾಲ, ಒಂದೇ ಬಗೆಯ ಓಲೆ. ಒಂದು ಉಳಿಯಿತು, ಮತ್ತೊಂದು ಅಳಿಯಿತು. ಅತ್ತಿಮಬ್ಬೆಯ ದಾನವೊಂದೇ ಇದಕ್ಕೆ ಕಾರಣವೆಂದು ಸಾಧಿಸುವುದು ಸಾಹಸವಾದೀತು; ಧರ್ಮಗ್ರಂಥವನ್ನು ಬಸದಿಗಳು ಕಾಪಾಡುವಂತೆ ರಾಜಸ್ತುತಿಯ ಕಾವ್ಯವನ್ನು ರಾಜವಂಶ ಬಿದ್ದ ಮೇಲೆ ಯಾರು ಕಾಪಾಡುತ್ತಾರೆ? ಆದರೂ ಸಾವಿರ ಮನೆಗಳಿಗೆ ಹೋದ ಪುಸ್ತಕಕ್ಕೂ ನಾಲ್ಕು ಮನೆಗಳಲ್ಲಿದ್ದ ಪುಸ್ತಕಕ್ಕೂ ಭೇದವಿದ್ದೇ ಇದೆ. ರನ್ನನ ಪರಶುರಾಮಚರಿತ, ಚಕ್ರೇಶ್ವರಚರಿತಗಳೂ ಹೋದವು. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶಗಳು ಹೋಗಿ, ಮುಂದಿನವರು ಉದಾಹರಿಸಿದ ಬಿಡಿ ಪದ್ಯಗಳು ಮಾತ್ರ ಉಳಿದವು.

ಬಲುಮಟ್ಟಿಗೆ ಕಳೆದೇಹೋಗಬೇಕಾಗಿದ್ದ ಒಂದು ಗ್ರಂಥ ಉಳಿದ ಕಥೆಯೂ ನಮ್ಮ ನಾಡಿನದೇ. ದಿಗಂಬರ ಜೈನರ ಆಗಮವಾದ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಯೋಲೆಗಳಲ್ಲಿ ಉಳಿದಿತ್ತು. ಭಕ್ತರು ದರ್ಶನ ಪಡೆಯುತ್ತಿದ್ದರು, ಓದುವವರು ವಿರಳರಾಗಿದ್ದರು, ಓಲೆಗಳು ಜೀರ್ಣವಾಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಮಾಡುವ ಕೆಲಸ ಆರಂಭವಾಗಿ, ೧೯೩೯ರಿಂದ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಸಂಪುಟಗಳು ಅಚ್ಚಾದವು. ಇನ್ನೊಂದು ನೂರು ವರ್ಷ ತಡವಾಗಿದ್ದರೆ ಪೂಜೆಗೆ ಓಲೆಯ ಪುಡಿ ಉಳಿಯುತ್ತಿತ್ತೇನೋ.

ಕಲ್ಲಾದರೆ ಶಾಶ್ವತವಲ್ಲವೆ ಎನ್ನಬಹುದು. ಶಾಸನಗಳೇ ಹಾಗೆ ಹೇಳಿಕೊಳ್ಳುತ್ತವೆ. ಆಚಂದ್ರಾರ್ಕವೆಂಬುದು ಅವುಗಳ ನೆಚ್ಚಿನ ಮಾತು. ನಮ್ಮ ಬಡಾವಣೆಗೆ ಹತ್ತಿರದ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ಹದಿಮೂರನೆಯ ಶತಮಾನದ ತಮಿಳು ಶಾಸನಗಳನ್ನು ಈಗಲೂ ಕಾಣಬಹುದು. ಬೇಗೂರಿನ ಸುಮಾರು ೮೯೦ರ ವೀರಗಲ್ಲು ಬೆಂಗಳೂರಿನ ಹೆಸರನ್ನೇ ಕಾಪಾಡಿಕೊಟ್ಟಿದೆ. ಆದರೆ ಊರು ಬೆಳೆದಂತೆ ಎಷ್ಟು ಶಾಸನಗಳು ಬಟ್ಟೆ ಒಗೆಯುವ ಕಲ್ಲಾದವು, ಮೋರಿಯ ಮೇಲಿನ ಚಪ್ಪಡಿಯಾದವು, ಪಾಯದಲ್ಲಿ ಹೂತುಹೋದವು! ಬೆಂಗಳೂರಿನಲ್ಲಿಯೇ ೧೮೩೭ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಅವರು ಊರೂರು ಅಲೆಯಿಸಿ ಪ್ರತಿಮಾಡಿಸಿ, ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟವನ್ನು ೧೯೦೫ರಲ್ಲಿ ಅಚ್ಚುಹಾಕಿಸಿದರು. ಕಲ್ಲು ಮಾಯವಾದ ಕಡೆ ಆ ಕಾಗದವೇ ಈಗ ಕಲ್ಲಿನ ಸ್ಥಾನದಲ್ಲಿದೆ. ೧೯೦೯ರಲ್ಲಿ ಸ್ಥಾಪಿತವಾದ ಮಿಥಿಕ್ ಸೊಸೈಟಿಯವರು ೨೦೨೧ರಿಂದ ಬೆಂಗಳೂರು ಸುತ್ತಿನ ಶಾಸನಗಳ ಮೂರು ಆಯಾಮದ ಗಣಕಪ್ರತಿಗಳನ್ನು ತೆಗೆಯುತ್ತಿದ್ದಾರೆ. ಕಲ್ಲಿನ ಆಯುಷ್ಯ ಕೊನೆಗೆ ಚಿಪ್ಪಿನೊಳಗೆ ಬಂದು ಸೇರಿತು.

ಚಿಪ್ಪಿನ ಮಾತಿಗೆ ಬರುವ ಮೊದಲು ಕಡತವನ್ನು ನೆನೆಯದೆ ಮುಂದುವರಿಯಲಾರೆ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಕಲಸಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಡತವಾಯಿತು. ಬಳಪದ ಕಡ್ಡಿಯಿಂದ ಅದರ ಮೇಲೆ ಬೆಳ್ಳಗೆ ಬರೆಯುತ್ತಿದ್ದರು. ಒರೆಸಿದರೆ ಅಳಿಯುತ್ತದೆ, ಮತ್ತೆ ಮಸಿ ಬಳಿದರೆ ಹೊಸದಾಗುತ್ತದೆ. ವರ್ತಕರ ಅಂಗಡಿಗಳಲ್ಲಿ, ಮಠಗಳಲ್ಲಿ, ಶಾನುಭೋಗರ ಮನೆಗಳಲ್ಲಿ ಲೆಕ್ಕವೆಲ್ಲ ಇದರಲ್ಲಿಯೇ. ಶೃಂಗೇರಿ ಮಠದಲ್ಲಿ ಕಡತಗಳ ದೊಡ್ಡ ಸಂಗ್ರಹವೇ ಉಳಿದುಬಂದಿದೆ. ಚೆನ್ನಾಗಿ ಕಟ್ಟಿಟ್ಟರೆ ಅಳಿಸಬಹುದಾದ ಬರಹವೂ ಎಷ್ಟು ಕಾಲ ನಿಲ್ಲಬಲ್ಲದೆಂಬುದಕ್ಕೆ ಅದು ಸಾಕ್ಷಿ. ಕಪ್ಪು ಬಟ್ಟೆ ಹೋದರೂ ಪದ ಹೋಗಲಿಲ್ಲ. ಸರಕಾರಿ ಕಚೇರಿಯ ಫೈಲು ಕಡತವಾಯಿತು, ಈಗ ಗಣಕದ ಪರದೆಯ ಮೇಲಿನ ಫೈಲೂ ಕಡತವೇ. ನಿಘಂಟುಕಾರರು ಯಾರೂ ಯೋಚಿಸಿ ಮಾಡಿದ ಹೊಂದಿಕೆಯಲ್ಲ. ಆದರೆ ಬರೆದು, ಅಳಿಸಿ, ಮತ್ತೆ ಬರೆಯುವ ಕರಿಯ ಹಾಳೆಗೆ ಮೆಮೊರಿ ಕಾರ್ಡಿಗಿಂತ ಹತ್ತಿರದ ಸಂಬಂಧಿ ಬೇರೆಯಿಲ್ಲ.

ಕಾರ್ಡಿನೊಳಗಿನ ಪದಾರ್ಥಕ್ಕೆ ಫ್ಲ್ಯಾಶ್ ಮೆಮೊರಿ ಎಂದು ಹೆಸರು. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಓಕ ಎಂಬ ಎಂಜಿನಿಯರು ಇದನ್ನು ೧೯೮೪ರಲ್ಲಿ ಲೋಕಕ್ಕೆ ತಿಳಿಸಿದರು. ಇಂದಿನ ಕಾರ್ಡುಗಳಲ್ಲಿರುವ ನ್ಯಾಂಡ್ ಎಂಬ ಬಗೆಯನ್ನು ೧೯೮೭ರಲ್ಲಿ ಪ್ರಕಟಿಸಿದರು. ದೊಡ್ಡ ಪ್ರದೇಶವನ್ನು ಒಮ್ಮೆಗೇ ಅಳಿಸಿಹಾಕುವ ಇದರ ರೀತಿ ಕ್ಯಾಮರಾದ ಮಿಂಚನ್ನು ನೆನಪಿಗೆ ತಂದುದರಿಂದ ಆ ಹೆಸರು ಬಂದಿತಂತೆ. ಸಿಲಿಕಾನಿನ ಮೇಲೆ ಗಾಜಿನಂಥ ಪದಾರ್ಥದ ತೆಳುವಾದ ಗೋಡೆಗಳ ನಡುವೆ ಒಂದು ಪುಟ್ಟ ಕೋಣೆ. ಬರೆಯುವುದೆಂದರೆ ವಿದ್ಯುತ್ತಿನ ಒತ್ತಡದಿಂದ ಎಲೆಕ್ಟ್ರಾನುಗಳನ್ನು ಆ ಗೋಡೆಯ ಮೂಲಕ ಕೋಣೆಯೊಳಕ್ಕೆ ನುಗ್ಗಿಸಿ ಸೆರೆಯಿಡುವುದು, ಅಳಿಸುವುದೆಂದರೆ ಹೊರಗೆಳೆಯುವುದು. ಕರೆಂಟು ಹೋದರೂ ಸೆರೆ ಬಿಡುಗಡೆಯಾಗುವುದಿಲ್ಲ, ಆದುದರಿಂದ ನೆನಪು ಉಳಿಯುತ್ತದೆ. ಆದರೆ ಪ್ರತಿಸಲ ಒಳಹೊರಗೆ ನುಗ್ಗಿಸಿದಾಗಲೂ ಗೋಡೆ ತುಸು ಸವೆಯುತ್ತದೆ. ಕಡತದ ಬಟ್ಟೆ ಉಜ್ಜಿ ಉಜ್ಜಿ ಸವೆಯುತ್ತಿದ್ದಂತೆಯೇ.

೧೯೮೮ರಲ್ಲಿ ಅಮೆರಿಕದಲ್ಲಿ ಏಲೀ ಹರಾರಿ, ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ, ಜಾಕ್ ಯುವಾನ್ ಸೇರಿ ಸ್ಥಾಪಿಸಿದ ಸಂಸ್ಥೆಯೇ ಮುಂದೆ ಸ್ಯಾನ್‌ಡಿಸ್ಕ್ ಎಂದು ಹೆಸರಾದುದು. ಆಮೇಲಿನ ಹತ್ತು ವರ್ಷ ಕಂಪನಿಗೊಂದು ಆಕಾರದ ಕಾರ್ಡು. ಒಂದರದು ಇನ್ನೊಂದಕ್ಕೆ ಕೂಡದು. ೧೯೯೯ರಲ್ಲಿ ಸ್ಯಾನ್‌ಡಿಸ್ಕ್, ಮತ್ಸುಶಿತ, ತೋಷಿಬಾಗಳು ಕೂಡಿ ಎಸ್.ಡಿ. ಕಾರ್ಡನ್ನು ಪ್ರಕಟಿಸಿದ ಮೇಲೆ ಈ ಗಲಿಬಿಲಿ ಮೆಲ್ಲಮೆಲ್ಲನೆ ತಗ್ಗಿತು. ಅದರ ಗುರುತಿನ ಎರಡನೆಯ ಅಕ್ಷರ ತಟ್ಟೆಯಂತೆ ಕಾಣುವುದನ್ನು ಗಮನಿಸಿದ್ದೀರಾ? ಆ ಚಿತ್ರ ಮೊದಲು ಬಿಡಿಸಿದ್ದು ಬಳಕೆಗೆ ಬಾರದೆ ಹೋದ ಒಂದು ಡಿಸ್ಕಿಗಾಗಿ. ಸೋತ ದೊರೆಯ ಲಾಂಛನ ಗೆದ್ದವನಿಗೆ ಬಂದಂತಾಯಿತು. ೨೦೦೫ರ ಹೊತ್ತಿಗೆ ಉಗುರಿನ ಗಾತ್ರದ ಮೈಕ್ರೊ ಎಸ್.ಡಿ. ಬಂದಿತು. ಫೋನಿನೊಳಗೆ ಹೋಗುವುದು ಇದೇ.

ಇನ್ನು ಆರಿಸುವ ಮಾತು. ಫ್ಲ್ಯಾಶಿನಲ್ಲಿಯೂ ಶ್ರೀತಾಳ ಖರತಾಳಗಳಿವೆ. ಒಂದು ಕೋಣೆಯಲ್ಲಿ ಒಂದೇ ಬಿಟ್ಟನ್ನು ಇಡುವ ಜಾತಿ ಸುಮಾರು ಒಂದು ಲಕ್ಷ ಸಲ ಬರೆದು ಅಳಿಸಿದರೂ ತಾಳಿಕೊಳ್ಳುತ್ತದೆ. ಎರಡು ಬಿಟ್ಟುಗಳನ್ನು ತುರುಕಿದರೆ ತಾಳಿಕೆ ಕೆಲವು ಸಾವಿರಕ್ಕೆ ಇಳಿಯುತ್ತದೆ. ಮೂರನ್ನು ತುರುಕಿದರೆ ಬಹಳ ಸಲ ಸಾವಿರದ ಆಸುಪಾಸಿಗೆ. ಕಾರಣ ಸರಳ: ಒಂದು ಬಿಟ್ಟಿಗೆ ಕೋಣೆ ತುಂಬಿದೆಯೋ ಬರಿದೋ ಎಂದು ತಿಳಿದರೆ ಸಾಕು, ಮೂರಕ್ಕೆ ಎಂಟು ಮಟ್ಟಗಳನ್ನು ಅಳೆದು ಹೇಳಬೇಕು, ಗೋಡೆ ಸ್ವಲ್ಪ ಸೋರಿದರೂ ಲೆಕ್ಕ ತಪ್ಪುತ್ತದೆ. ಅಂಗಡಿಯಲ್ಲಿ ಸಿಕ್ಕುವ ಅಗ್ಗದ, ದೊಡ್ಡ ಜಿ.ಬಿ.ಯ ಕಾರ್ಡುಗಳು ಬಹುಪಾಲು ಈ ಕಡೆಯ ಜಾತಿಯವು. ಫೋಟೋ ಇಟ್ಟುಕೊಳ್ಳುವವನಿಗೆ ಅದೇನೂ ಕೊರತೆಯಲ್ಲ. ಒಮ್ಮೆ ಬರೆದು ನೂರು ಸಲ ನೋಡುತ್ತಾನೆ, ನೋಡಿದ ಮಾತ್ರಕ್ಕೆ ಗೋಡೆ ಹೆಚ್ಚು ಸವೆಯದು. ಗೇಟಿನ ಕ್ಯಾಮರಾಕ್ಕೂ ಕಾರಿನ ಕ್ಯಾಮರಾಕ್ಕೂ ಅದೇ ಕಾರ್ಡನ್ನು ಹಾಕಿದರೆ ಕಥೆ ಬೇರೆ. ಅವು ಹಗಲಿರುಳು ಬರೆಯುತ್ತ, ತುಂಬಿದೊಡನೆ ಹಳೆಯದನ್ನು ಅಳಿಸುತ್ತ ಹೋಗುತ್ತವೆ. ಕಾರಿನ ಗಾಜಿನ ಹಿಂದೆ ಬಿಸಿಲಿನ ಕಾವೂ ಸೇರುತ್ತದೆ. ನಮ್ಮ ಬಡಾವಣೆಯ ಬೀದಿಗಳಲ್ಲಿ ಎಷ್ಟೋ ಕ್ಯಾಮರಾಗಳು ಕಣ್ಣು ತೆರೆದೇ ಇವೆ, ಕಳವಾದ ಮರುದಿನ ನೋಡಿದರೆ ಒಳಗಿನ ಕಾರ್ಡು ಎಂದೋ ಸತ್ತಿರುತ್ತದೆ. ಈ ಕೆಲಸಕ್ಕೆಂದೇ ಹೈ ಎಂಡ್ಯೂರೆನ್ಸ್ ಎಂದು ಮುದ್ರೆ ಹಾಕಿದ, ಹೆಚ್ಚು ತಾಳಿಕೆಯ ಕಾರ್ಡುಗಳು ದೊರೆಯುತ್ತವೆ. ಬೆಲೆ ತುಸು ಹೆಚ್ಚಾದರೂ ಕೊಳ್ಳತಕ್ಕದ್ದೇ.

ಕಾರ್ಡಿನ ಬೆನ್ನಿನ ಮೇಲೆ ಸೂಕ್ಷ್ಮವಾದ ಅಕ್ಷರಗಳಲ್ಲಿ ಬರೆದಿರುವುದೂ ಒಂದು ಶಾಸನವೇ, ಓದಿಕೊಂಡರೆ ಅನುಕೂಲ. ಎಚ್.ಸಿ. ಎಂದಿದ್ದರೆ ೩೨ ಜಿ.ಬಿ.ವರೆಗಿನದು, ಎಕ್ಸ್.ಸಿ. ಎಂದಿದ್ದರೆ ಅದಕ್ಕೆ ಮೇಲಿನದು; ಹಳೆಯ ಉಪಕರಣಗಳು ಎಕ್ಸ್.ಸಿ.ಯನ್ನು ಗುರುತಿಸದೆ ಹೋಗಬಹುದು. ಸಿ ಅಕ್ಷರದೊಳಗೆ ೧೦ ಎಂದಿದ್ದರೆ ಸೆಕೆಂಡಿಗೆ ಕನಿಷ್ಠ ೧೦ ಮೆಗಾಬೈಟ್ ಬರೆಯಬಲ್ಲುದೆಂಬ ಮಾತು, ವಿ ೩೦ ಎಂದಿದ್ದರೆ ೩೦. ಎ ಅಕ್ಷರ ಫೋನಿನ ಆ್ಯಪುಗ��ನ್ನು ಕಾರ್ಡಿನಲ್ಲಿ ಇಡುವವರಿಗೆ ಸಂಬಂಧಿಸಿದ್ದು. ಇವೆಲ್ಲ ವೇಗದ ಮಾತು, ಬಾಳಿಕೆಯ ಮಾತಲ್ಲ ಎಂಬುದನ್ನು ಮಾತ್ರ ಮರೆಯಬಾರದು.

ಶಾಸನವೆಂದಮೇಲೆ ಕೂಟಶಾಸನವೂ ಉಂಟು. ರಾಜಶಾಸನವನ್ನು ಸುಳ್ಳಾಗಿ ಸೃಷ್ಟಿಸಿದವನಿಗೆ ಮನುಸ್ಮೃತಿ ಮರಣದಂಡನೆಯನ್ನೇ ವಿಧಿಸಿದೆ. ದಂಡನೆ ಅಷ್ಟು ಘೋರವಾಗಿರಬೇಕಾದರೆ ಅಪರಾಧವೂ ಅಪರೂಪವಾಗಿರಲಿಲ್ಲವೆಂದಾಯಿತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗಂಗರ ತಾಮ್ರಪಟಗಳ ವಿಷಯದಲ್ಲಿ ಜೆ.ಎಫ್. ಫ್ಲೀಟ್ ಮತ್ತು ರೈಸ್ ಅವರ ನಡುವೆ ನಡೆದ ವಾದ ನಮ್ಮ ಇತಿಹಾಸದ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತು. ಆ ಪಟಗಳಲ್ಲಿ ಹಲವು ಖೋಟಾ ಎಂದು ಫ್ಲೀಟ್, ಅಲ್ಲವೆಂದು ರೈಸ್. ಫ್ಲೀಟರ ಪರೀಕ್ಷೆ ಹೇಗಿತ್ತು? ತಾಮ್ರ ತಾಮ್ರವೇ, ಉಂಗುರ ಉಂಗುರವೇ, ಮುದ್ರೆಯೂ ಇದೆ. ಅದನ್ನೆಲ್ಲ ಅವರು ನಂಬಲಿಲ್ಲ. ಹೇಳಿಕೊಂಡ ಶಕವರ್ಷಕ್ಕೆ ಅಕ್ಷರದ ಆಕಾರ ಹೊಂದುತ್ತದೆಯೇ, ತಿಥಿಗೂ ವಾರಕ್ಕೂ ಲೆಕ್ಕ ಕೂಡುತ್ತದೆಯೇ ಎಂದು ನೋಡಿದರು. ಅವರ ಎಲ್ಲ ತೀರ್ಪುಗಳನ್ನೂ ಮುಂದಿನವರು ಒಪ್ಪಿಲ್ಲ. ಕೆಲವು ಕಡೆ ಅವರ ಸಂಶಯ ಅತಿಯಾಯಿತೆಂದೇ ನನಗೂ ತೋರುತ್ತದೆ. ಆದರೆ ಪಟ ತನ್ನ ವಿಷಯದಲ್ಲಿ ತಾನೇ ಹೇಳಿಕೊಂಡ ಮಾತನ್ನು ಸಾಕ್ಷಿಯೆಂದು ಒಪ್ಪಕೂಡದು ಎಂಬ ಅವರ ಪಟ್ಟು ಸರಿಯಾದುದು.

ಕೂಟಕಾರ್ಡಿನ ಗುಟ್ಟೂ ಇಷ್ಟೇ. ಪ್ರತಿಯೊಂದು ಕಾರ್ಡಿನೊಳಗೂ ನೆನಪಿನ ಕೋಣೆಗಳಲ್ಲದೆ ಅವುಗಳ ಲೆಕ್ಕ ನೋಡಿಕೊಳ್ಳುವ ಒಂದು ಪುಟ್ಟ ನಿಯಂತ್ರಕವಿರುತ್ತದೆ, ಶಾನುಭೋಗನಿದ್ದಂತೆ. ಫೋನು ಎಷ್ಟು ಜಾಗವಿದೆಯೆಂದು ಕೇಳಿದರೆ ಉತ್ತರ ಹೇಳುವವನು ಅವನೇ. ಮೋಸಗಾರರು ಇವನಿಗೆ ಸುಳ್ಳು ಕಲಿಸುತ್ತಾರೆ. ಎಂಟು ಜಿ.ಬಿ.ಯ ಕಾರ್ಡು ೧೨೮ ಎಂದು ಹೇಳುತ್ತದೆ. ಫೋನೂ ನಂಬುತ್ತದೆ, ಕಂಪ್ಯೂಟರೂ ನಂಬುತ್ತದೆ. ಎಂಟು ತುಂಬುವವರೆಗೆ ಎಲ್ಲ ಸರಿ. ಆಮೇಲೆ ಬರೆದದ್ದು ಕೆಲವು ಕಾರ್ಡುಗಳಲ್ಲಿ ಎಲ್ಲಿಗೂ ಹೋಗುವುದಿಲ್ಲ; ಕೆಲವುಗಳಲ್ಲಿ ಮೊದಲು ಬರೆದುದರ ಮೇಲೆಯೇ ಹೋಗಿ ಕುಳಿತುಕೊಳ್ಳುತ್ತದೆ. ಪಟ್ಟಿಯಲ್ಲಿ ಹೆಸರು ಕಾಣುತ್ತಿರುತ್ತದೆ, ಒಳಗೆ ತಿರುಳಿರುವುದಿಲ್ಲ.

ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಕೋಲಾರದ ಕಡೆಯ ತನ್ನ ಅಜ್ಜಿಯಿಂದ ಸೋಬಾನೆ ಪದಗಳನ್ನೂ ರಾಗಿ ಬೀಸುವ ಪದಗಳನ್ನೂ ಒಂದು ಬೇಸಗೆಯಿಡೀ ಹಾಡಿಸಿ ಫೋನಿಗೆ ತುಂಬಿಕೊಂಡಿದ್ದಳು. ಕಾರ್ಡಿನ ಮೇಲೆ ೧೨೮ ಎಂದು ಬರೆದಿತ್ತು, ಪೊಟ್ಟಣದ ಮೇಲೆ ಹೊಳೆಯುವ ಮುದ್ರೆಯೂ ಇತ್ತು. ಮರುವರ್ಷ ಅದೇ ಕಾರ್ಡಿಗೆ ಚಿಕ್ಕಪ್ಪನ ಮಗನ ಮದುವೆಯ ಚಿತ್ರಗಳು ಸೇರಿದವು. ಪ್ರಬಂಧ ಬರೆಯಲು ಕುಳಿತಾಗ ಹಾಡುಗಳ ಹೆಸರುಗಳು ಒಂದೂ ಬಿಡದೆ ಸಾಲಾಗಿ ಇದ್ದವು. ತೆರೆದರೆ ಸದ್ದಿಲ್ಲ. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು. “ಕೇಳಿ ಬರೆದಿಟ್ಟುಕೊಂಡಿದ್ದ ನಾಲ್ಕು ಹಾಡು ನೋಟ್‌ಬುಕ್ಕಿನಲ್ಲಿವೆ ಮೇಡಂ, ಅಷ್ಟೇ” ಎಂದಳು. ಗುಣವರ್ಮನ ಶೂದ್ರಕವನ್ನು ಪಾಠಮಾಡುವಾಗ, ಕೃತಿ ಉಪಲಬ್ಧವಿಲ್ಲ, ಉದಾಹೃತ ಪದ್ಯಗಳು ಮಾತ್ರ ದೊರೆತಿವೆ ಎಂದು ಪ್ರತಿವರ್ಷ ಹೇಳುವ ವಾಕ್ಯಕ್ಕೆ ಅಂದು ಬೇರೆ ಅರ್ಥ ಬಂದಿತು.

ಈ ಮೋಸವನ್ನು ಹಿಡಿಯುವ ಉಪಾಯ ಹಳೆಯದೇ. ಪ್ರತಿಕಾರನು ಒಂದು ಗ್ರಂಥವನ್ನು ಬರೆದು ಮುಗಿಸಿದ ಮೇಲೆ ಮೂಲವನ್ನು ಒಬ್ಬನು ಓದುತ್ತ, ಪ್ರತಿಯನ್ನು ಮತ್ತೊಬ್ಬನು ನೋಡುತ್ತ, ತಪ್ಪಿದ ಕಡೆ ತಿದ್ದುವುದುಂಟು. ಇದಕ್ಕೆ ನಾವು ತಾಳೆನೋಡುವುದೆನ್ನುತ್ತೇವೆ. ಈ ತಾಳೆಗೂ ಓಲೆಯ ತಾಳೆಗೂ ಸಂಬಂಧ ಹಚ್ಚಲು ನಾನು ಹೊರಟಿಲ್ಲ. ಕಿವಿಗೆ ಮಾತ್ರ ಎರಡೂ ಒಂದೇ. ಹೊಸ ಕಾರ್ಡನ್ನು ತಂದ ದಿನವೇ, ಬೆಲೆಬಾಳುವುದೇನನ್ನೂ ಅದರೊಳಗೆ ಇಡುವುದಕ್ಕೆ ಮುಂಚೆ, ಹೇಳಿಕೊಂಡಷ್ಟು ಜಾಗವನ್ನೂ ಪೂರ್ತಿ ತುಂಬಿ, ತುಂಬಿದ್ದನ್ನು ಮತ್ತೆ ಓದಿ ತಾಳೆನೋಡಬೇಕು. ಇದಕ್ಕೆಂದೇ ಎಚ್-ಟು-ಟೆಸ್ಟ್-ಡಬ್ಲ್ಯು, ಎಫ್-ತ್ರೀ ಎಂಬ ಉಚಿತ ತಂತ್ರಾಂಶಗಳಿವೆ. ದೊಡ್ಡ ಕಾರ್ಡಾದರೆ ಕೆಲವು ಗಂಟೆ ಹಿಡಿಯುತ್ತದೆ. ರಾತ್ರಿ ಹಾಕಿಟ್ಟು ಮಲಗಬಹುದು. ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಮನೆಯ ಬಾಗಿಲಿಗೆ ತರಿಸಿಕೊಂಡರೂ ರಸೀದಿ ಇರಲಿ, ಪರೀಕ್ಷೆ ತಪ್ಪದಿರಲಿ. ಪ್ರಸಿದ್ಧ ಹೆಸರೊಂದೇ ಸಾಲದು, ಏಕೆಂದರೆ ಖೋಟಾ ಮಾಡುವವರು ಪ್ರಸಿದ್ಧ ಹೆಸರನ್ನೇ ಹಾಕುತ್ತಾರೆ. ಗಂಗರ ಹೆಸರಿನಲ್ಲಿ ಪಟ ಕೊರೆದವರೂ ಸಣ್ಣ ಪಾಳೆಯಗಾರನ ಹೆಸರನ್ನು ಆರಿಸಲಿಲ್ಲ.

ಪರೀಕ್ಷೆಯಲ್ಲಿ ಗೆದ್ದ ಒಳ್ಳೆಯ ಕಾರ್ಡನ್ನೂ ಬೀರುವಿನಲ್ಲಿಟ್ಟು ಹತ್ತಾರು ವರ್ಷ ಮರೆಯುವಂತಿಲ್ಲ. ಸೆರೆಯಾದ ಎಲೆಕ್ಟ್ರಾನುಗಳು ಕಾಲಕ್ರಮದಲ್ಲಿ ಒಂದೊಂದಾಗಿ ಸೋರುತ್ತವೆ, ಸೆಕೆಯಲ್ಲಿ ಬೇಗ, ಸವೆದ ಕಾರ್ಡಿನಲ್ಲಿ ಇನ್ನೂ ಬೇಗ. ಹುಳು ತಿಂದ ಓಲೆಯಲ್ಲಿ ಅಂಚು ಹೋದರೂ ನಡುವಿನ ಸಾಲು ಓದಿಸಿಕೊಳ್ಳುತ್ತದೆ, ಡಿ.ಎಲ್. ನರಸಿಂಹಾಚಾರ್ಯರಂಥ ಸಂಪಾದಕರು ಅಂಥ ಓಲೆಗಳಿಂದಲೇ ಪಾಠಗಳನ್ನು ಎತ್ತಿದವರು. ಕಾರ್ಡು ಹಾಗಲ್ಲ, ನಿನ್ನೆ ಎಲ್ಲ ಇತ್ತು, ಇಂದು ಏನೂ ಇಲ್ಲ. ಆದುದರಿಂದ ಮೂರೋ ನಾಲ್ಕೋ ವರ್ಷಕ್ಕೊಮ್ಮೆ ಹೊಸದಕ್ಕೆ ಪ್ರತಿಮಾಡುವುದು, ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಬೇರೆ ಊರಿನ ಬಂಧುಗಳ ಮನೆಯಲ್ಲಿ. ಅತ್ತಿಮಬ್ಬೆಯ ಸಾವಿರ ಬೇಡ, ಮೂರು ಸಾಕು.

ಓದಿಸಿಕೊಳ್ಳುವ ಮಾತು ಬಂದುದರಿಂದ ಒಂದು ಸಂಗತಿ. ರೈಸ್ ಅವರು ೧೮೯೨ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಕಂಡುಹಿಡಿದರು. ಅದನ್ನು ಬರೆದವನು ಚಪಡನೆಂಬ ಲಿಪಿಕಾರ. ಶಾಸನವೆಲ್ಲ ಬ್ರಾಹ್ಮಿ, ತಾನು ಲಿಪಿಕಾರನೆಂಬ ಕೊನೆಯ ಒಂದು ಪದವನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ವಾಯವ್ಯದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಬಂಡೆ ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಅಕ್ಷರಗಳನ್ನು ಹಿಡಿದುಕೊಂಡೇ ಇತ್ತು, ಆ ಅಕ್ಷರಗಳನ್ನು ಬಲ್ಲವರು ನಡುವೆ ಇಲ್ಲವಾಗಿದ್ದರು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸದೆ ಇದ್ದಿದ್ದರೆ ರೈಸ್ ಅವರಿಗೂ ಅದು ಬರಿಯ ಗೀಚುಗಳೇ. ನಮ್ಮ ಕನ್ನಡಕ್ಕೆ ಇಂಥ ಸ್ಥಿತಿ ಬರಲು ಇಪ್ಪತ್ತು ವರ್ಷ ಸಾಕಾಯಿತು. ೧೯೯೧ರ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಆಮೇಲೆ ಬಹುಕಾಲ ನಾವು ಟೈಪುಮಾಡಿದ್ದು ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿದ ಹಳೆಯ ಫಾಂಟುಗಳಲ್ಲಿ. ಆ ಫಾಂಟಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡ ಮಾಯವಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತದೆ. ಅದೃಷ್ಟವಶಾತ್ ಇವನ್ನು ಪರಿವರ್ತಿಸುವ ತಂತ್ರಾಂಶಗಳಿವೆ. ನಮ್ಮ ವಿಭಾಗದಲ್ಲಿ ೨೦೦೧ರ ಒಂದು ಸಂಶೋಧನ ಪ್ರಬಂಧವನ್ನು ಸಿ.ಡಿ.ಯಿಂದ ಎತ್ತಿ ಈಚೆಗೆ ಯೂನಿಕೋಡಿಗೆ ತಂದೆವು. ನಾನೂರು ಪುಟಗಳೂ ಬಂದವು. ಅರ್ಕಾವೊತ್ತುಗಳು ಮಾತ್ರ ಅಲ್ಲಲ್ಲಿ ಒಂದಕ್ಷರ ಹಿಂದೆ ಮುಂದೆ ಆಗಿವೆ. ಇಬ್ಬರು ಕುಳಿತು, ಒಬ್ಬರು ಅಚ್ಚಿನ ಪ್ರತಿಯನ್ನು ಓದುತ್ತ ಒಬ್ಬರು ಪರದೆಯನ್ನು ನೋಡುತ್ತ, ತಾಳೆನೋಡುತ್ತಿದ್ದೇವೆ. ನೂರ ಹತ್ತನೆಯ ಪುಟಕ್ಕೆ ಬಂದಿದೆ.